ಪ್ಲಾನಿಂಗ್ ಬೋರ್ಡಿನ ಮುಂದೆ ಮೂರು ನಿಮಿಷ

ಮಾನ್ಮತ್ ಜಂಕ್ಷನ್ ಎಂಬ ಸಬರ್ಬಿನ ಮನೆ ಮಾರಿ ಹಡ್ಸನ್ ನದಿಯ ಪಕ್ಕದ ಈ ಸಿಟಿಗೆ ಬಂದಾಗ ನಮ್ಮ ಬಳಗದವರೆಲ್ಲ ನಮಗೆ ತಲೆ ಕೆಟ್ಟಿದೆ ಎಂದುಕೊಂಡರು. ಎಲ್ಲರೂ ಅಪಾರ್ಟ್‌ಮೆಂಟಿನಿಂದ ಹಿತ್ತಿಲಿರುವ ಮನೆಗೆ ಹೋದರೆ ನಾವು ಹಿತ್ತಿಲು ಬಿಟ್ಟು ಹದಿನೇಳನೇ ಮಹಡಿ ಹತ್ತಿದ್ದೆವು. ಕಾರಣ ದೊಡ್ಡದೇನಲ್ಲ. ನನ್ನ ಗಂಡ ಹನ್ನೊಂದು ವರ್ಷ ಮ್ಯಾನ್‌ಹಟನ್‌ಗೆ ರೈಲಿನಲ್ಲಿ ಕಮ್ಯೂಟ್ ಮಾಡಿ ದಣಿದಿದ್ದರು. ನನಗೆ ಹುಲ್ಲು ಕತ್ತರಿಸುವುದು, ಹಿಮ ಬಾಚುವುದು, ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಕಾರು ತೆಗೆಯುವುದು ಸಾಕಾಗಿಹೋಗಿತ್ತು. ಹನ್ನೆರಡು ವರ್ಷದ ಮಗಳು ಮಾತ್ರ ಮೂರು ದಿನ ಮುಖ ಊದಿಸಿಕೊಂಡಿದ್ದು, ಕೆಳಗಡೆಯೇ ಬಬಲ್ ಟೀ ಅಂಗಡಿ ಇದೆಯೆಂದು ಗೊತ್ತಾದ ಮೇಲೆ ಸರಿಹೋದಳು.

ಇಲ್ಲಿಗೆ ಬಂದಮೇಲೆ ನಾನು ಮೊದಲು ಗಮನಿಸಿದ್ದು, ಈ ಊರಲ್ಲಿ ಪ್ರತಿಯೊಬ್ಬರಿಗೂ ಊರಿನ ಬಗ್ಗೆ ಒಂದು ಅಭಿಪ್ರಾಯ ಇದೆ, ಅದನ್ನು ಕೇಳದೆಯೂ ಹೇಳುತ್ತಾರೆ ಎಂಬುದು. ಮಾನ್ಮತ್ ಜಂಕ್ಷನ್ನಿನಲ್ಲಿ ಶಾಲೆ ಚೆನ್ನಾಗಿದೆ, ಟ್ಯಾಕ್ಸ್ ಜಾಸ್ತಿ ಎಂಬ ಎರಡು ಮಾತಿಗೆ ವಿಷಯ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಗಂಡನ ಕೂದಲು ಕತ್ತರಿಸುವ ಬಾರ್ಬರ್, ಹೊಸ ಕಟ್ಟಡಗಳಿಂದ ತಲೆಗಳೇನೋ ಹೆಚ್ಚಾಗಿವೆ, ಆದರೆ ಅವೆಲ್ಲ ಮ್ಯಾನ್‌ಹಟನ್ನಿಗೆ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತವೆ ಎಂದು ದೂರುತ್ತಿದ್ದ. ಮೂಲೆಯ ದಿನಸಿ ಅಂಗಡಿಯ ಗುಜರಾತಿ ಅಂಕಲ್‌ಗೆ ಕ್ರೇನ್ ಕಂಡರೆ ಗರುಡ ಕಂಡಷ್ಟು ಸಂತೋಷ. ಮೇಲೆ ಒಂದೊಂದು ಮಹಡಿ ಏರಿದಂತೆ ಅವರು ಕೆಳಗೆ ಒಂದೊಂದು ಹೊಸ ಬ್ರ್ಯಾಂಡಿನ ಹಿಟ್ಟು ತರಿಸುತ್ತಿದ್ದರು. ಬಸ್ ಸ್ಟಾಪಿನಲ್ಲಿ ಸಿಗುವ ಒಬ್ಬ ನರ್ಸ್, ಕಟ್ಟಡ ಎಷ್ಟಾದರೂ ಕಟ್ಟಲಿ, ಬೆಳಗಿನ ಬಸ್ಸು ಸಮಯಕ್ಕೆ ಬಂದರೆ ಸಾಕು ಎನ್ನುತ್ತಿದ್ದಳು. ನಾನು ಎಲ್ಲರಿಗೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ನನ್ನದೇ ಅಂತ ಅಭಿಪ್ರಾಯ ಇರಲಿಲ್ಲ.

ಇದ್ದದ್ದು ಒಂದು ಅಡುಗೆಮನೆಯ ಕಿಟಕಿ. ಅದರಾಚೆ ನದಿಯ ಒಂದು ಪಟ್ಟಿ, ಅದರ ಹಿಂದೆ ಮ್ಯಾನ್‌ಹಟನ್ನಿನ ಗೋಪುರಗಳು. ಚಪಾತಿ ಲಟ್ಟಿಸುತ್ತಾ ನದಿ ನೋಡುವ ಭಾಗ್ಯ ಯಾರಿಗುಂಟು? ಮಾನ್ಮತ್ ಜಂಕ್ಷನ್ನಿನಿಂದ ಬಂದ ಗೆಳತಿಯರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಕಿಟಕಿಯ ನೇರ ಕೆಳಗೆ ಕಾರು ನಿಲ್ಲಿಸುವ ಖಾಲಿ ಜಾಗ. ಹಿಂದೆ ಅಲ್ಲಿ ಅಂಗಿಗೆ ಗುಂಡಿ ತಯಾರಿಸುವ ಕಾರ್ಖಾನೆ ಇತ್ತಂತೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಆ ಜಾಗದ ಬೇಲಿಗೆ ಒಂದು ನೋಟಿಸ್ ಬಿತ್ತು: ಮೂವತ್ತೆರಡು ಮಹಡಿಯ ಕಟ್ಟಡಕ್ಕೆ ಅರ್ಜಿ ಬಂದಿದೆ, ಪ್ಲಾನಿಂಗ್ ಬೋರ್ಡ್ ಸಾರ್ವಜನಿಕರ ಮಾತು ಕೇಳಲಿದೆ. ಅದೇ ವಾರ ನಮ್ಮ ಕಟ್ಟಡದ ಲಾಬಿಯಲ್ಲಿ ತುರ್ತು ಸಭೆ. ನದಿ ಕಡೆಯ ಮನೆಗಳವರೆಲ್ಲ ಬಂದಿದ್ದರು, ಹಿಂಬದಿಯವರು ಒಬ್ಬರೂ ಇರಲಿಲ್ಲ. ಈ ಊರಲ್ಲಿ ಡೆವಲಪ್‌ಮೆಂಟ್ ಅತಿಯಾಯಿತು ಎಂದು ಎಲ್ಲರೂ ಒಪ್ಪಿದರು. ನಾವು ಕುಳಿತಿದ್ದ ಕಟ್ಟಡಕ್ಕೆ ಆಗ ಆರು ವರ್ಷ.

ಆ ಸಭೆಗೆ ಮುಂಚೆ ನೋಟಿಸಿನ ವಿಷಯವಾಗಿ ನಮ್ಮ ಕಟ್ಟಡದವರಿಗೆಲ್ಲ ನಾನೊಂದು ಇಮೇಲ್ ಬರೆದಿದ್ದೆ. ಔಷಧಿಯ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ ಆ ಕಾಗದ, ಅದನ್ನು ಬರೆಯುವುದು ನನ್ನ ಕೆಲಸ. ಹಾಗಾಗಿ ಇಮೇಲ್ ಸ್ಪಷ್ಟವಾಗಿತ್ತು. ಅಷ್ಟೇ ಸಾಕಾಯಿತು, ನಮ್ಮೆಲ್ಲರ ಪರವಾಗಿ ನೀವೇ ಮಾತಾಡಿ ಎಂದು ನನ್ನನ್ನು ಆರಿಸಿಬಿಟ್ಟರು. ಸಭೆ ನಡೆಸುತ್ತಿದ್ದ ಇಪ್ಪತ್ತೊಂದನೇ ಮಹಡಿಯ ವಕೀಲೆಗೆ ಬೋರ್ಡಿನ ಸಭೆಯ ದಿನ ಊರಲ್ಲಿರಲು ಆಗುತ್ತಿರಲಿಲ್ಲ.

ಮನೆಗೆ ಬಂದು ಹೇಳಿದರೆ ಗಂಡ ನಕ್ಕರು. ಅವರು ಧಾರವಾಡದವರು, ನಗುವಾಗ ಮುಚ್ಚುಮರೆ ಇಲ್ಲ.

"ಅಂದ್ರ ಊರಿಗೆ ಡೆವಲಪ್‌ಮೆಂಟ್ ಬೇಕು, ನಮ್ಮ ಕಿಟಕಿ ಮುಂದ ಬ್ಯಾಡ. ಇಷ್ಟs ಹೌದಿಲ್ಲೊ?"

"ಹಾಗಲ್ಲ ಕಣ್ರೀ, ಗಾಳಿ ಬೆಳಕಿನ ಪ್ರಶ್ನೆ," ಎಂದೆ.

ನನಗೆ ಬೇರೊಂದು ಚಿಂತೆ ಇತ್ತು. ನಮ್ಮದಿನ್ನೂ ಗ್ರೀನ್ ಕಾರ್ಡ್, ವೋಟಿಲ್ಲ. ವೋಟಿಲ್ಲದವಳು ಸರ್ಕಾರದ ಮುಂದೆ ನಿಂತು ಇದು ಕಟ್ಟಬೇಡಿ ಅನ್ನಬಹುದೇ? ಬೋರ್ಡಿನ ಕಚೇರಿಗೆ ಫೋನ್ ಮಾಡಿ, ಸುತ್ತಿ ಬಳಸಿ ಕೇಳಿದೆ. ಆ ಕಡೆಯ ಹೆಂಗಸು ಪೂರ್ತಿ ಕೇಳಿಸಿಕೊಂಡು, ನೀವು ಇಲ್ಲಿ ವಾಸ ಮಾಡುತ್ತೀರೋ ಇಲ್ಲವೋ ಎಂದು ಕೇಳಿದಳು. ಮಾಡುತ್ತೇನೆ ಎಂದೆ. ಹಾಗಾದರೆ ಬನ್ನಿ ಎಂದು ಫೋನಿಟ್ಟಳು. ವೀಸಾ, ಕಾರ್ಡು, ಕಾಗದ ಎಂದು ಹದಿನಾರು ವರ್ಷ ಈ ದೇಶದಲ್ಲಿ ಸಾಲು ನಿಂತಿದ್ದ ನನಗೆ ಇಷ್ಟು ಸುಲಭದ ಉತ್ತರ ಅದುವರೆಗೆ ಸಿಕ್ಕಿರಲಿಲ್ಲ. ಸ್ವಲ್ಪ ಅನುಮಾನವೇ ಬಂತು.

ಸಿಟಿ ಹಾಲಿನ ಆ ಕೋಣೆಯಲ್ಲಿ ಏರ್ ಕಂಡಿಷನರ್ ಎಷ್ಟು ಜೋರಾಗಿತ್ತೆಂದರೆ ನಾನು ಸೀರೆ ಉಟ್ಟುಬರಬಾರದಿತ್ತು. ಮಾತಾಡಲು ಹೋಗುತ್ತಿದ್ದೇನೆ, ಸ್ವಲ್ಪ ಗಾಂಭೀರ್ಯ ಇರಲಿ ಎಂದು ಮೈಸೂರು ಸಿಲ್ಕ್ ಉಟ್ಟಿದ್ದೆ. ಉಳಿದವರು ಚಡ್ಡಿ, ಟೀಶರ್ಟು, ಚಪ್ಪಲಿಯಲ್ಲಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಕರಿಯ ಮುದುಕರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕೈಯಲ್ಲಿ ಓಟದ ಸ್ಪರ್ಧೆಗೆ ಬಳಸುವಂಥ ಸ್ಟಾಪ್‌ವಾಚು. ಕೋಣೆಯಲ್ಲಿ ಸರಿಯಾಗಿ ಬಟ್ಟೆ ಹಾಕಿಕೊಂಡು ಬಂದವರು ನಾವಿಬ್ಬರೇ ಎಂದು ಅವರೇ ಮಾತು ಶುರುಮಾಡಿದರು.

ಮೂವತ್ತೊಂದು ವರ್ಷ ಇದೇ ಊರಲ್ಲಿ ಬಸ್ ಓಡಿಸಿ ನಿವೃತ್ತರಾದವರಂತೆ. ನಮ್ಮ ರಸ್ತೆಯ ಆಚೆ ಬದಿಯ ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದು ಅವರದು. ಅವರ ದೂರು ಹೊಸ ಕಟ್ಟಡದ ಬಗ್ಗೆ ಅಲ್ಲವೇ ಅಲ್ಲ. ಮೂಲೆಯಲ್ಲಿ ರಸ್ತೆ ದಾಟುವ ಸಿಗ್ನಲ್ ಹದಿನಾಲ್ಕು ಸೆಕೆಂಡು ಮಾತ್ರ ಇರುತ್ತದೆ. ವಾಕರ್ ಹಿಡಿದು ನಡೆಯುವ ಅವರ ಹೆಂಡತಿಗೆ ಇಪ್ಪತ್ತೊಂದು ಬೇಕು. ಗಾಡಿಗಳು ಹೆಚ್ಚಾದರೆ ಇನ್ನೂ ಕಷ್ಟ. ಚರ್ಚು, ಔಷಧಿ ಅಂಗಡಿ, ಎಲ್ಲ ಆ ಸಿಗ್ನಲ್ ದಾಟಿದ ಮೇಲೆಯೇ. ಆಕೆ ಎರಡು ತಿಂಗಳಿಂದ ಒಬ್ಬರೇ ದಾಟುವುದನ್ನೇ ಬಿಟ್ಟಿದ್ದಾರೆ.

ಆಮೇಲೆ, ನೀವು ಎಲ್ಲಿರುವುದು ಎಂದರು. ಹೇಳಿದೆ.

"ನದಿ ಕಡೆಗೋ, ನಮ್ಮ ಕಡೆಗೋ?"

"ನದಿ ಕಡೆಗೆ. ಮೂಲೆ ಮನೆ, ಬಾಲ್ಕನಿ ಮಾತ್ರ ನಿಮ್ಮ ಕಡೆಗಿದೆ."

"ಹಾಗಿದ್ದರೆ ಬಾಲ್ಕನಿಯಲ್ಲಿ ಉದ್ದುದ್ದದ ಬಣ್ಣದ ಬಟ್ಟೆ ಒಣಗಿಸುವವರು ನೀವೇ," ಎಂದರು. "ಮೊದಲು ನಮ್ಮ ಮೂರನೇ ಮಹಡಿಯ ಕಿಟಕಿಯಿಂದ ನದಿ ಕಾಣುತ್ತಿತ್ತು. ಹೆಂಡತಿ ಅಲ್ಲೇ ಕಾಫಿ ಕುಡಿಯುತ್ತಿದ್ದಳು. ಈಗ ನಿಮ್ಮ ಬಟ್ಟೆ ಕಾಣುತ್ತದೆ. ಹಳದಿ ಅವಳಿಗೆ ಇಷ್ಟ."

ಕೊಂಕಿನಿಂದ ಹೇಳಿದ್ದಲ್ಲ. ಇದ್ದ ವಿಷಯವನ್ನು ಇದ್ದ ಹಾಗೆ ಹೇಳುವ ಸರಳತೆಯಷ್ಟೇ ಅವರ ದನಿಯಲ್ಲಿತ್ತು. ಆದರೆ ಮಡಿಲಲ್ಲಿದ್ದ ಎರಡು ಪುಟದ ಕಾಗದದಲ್ಲಿ ನದಿಯ ನೋಟ ಎಂಬ ಮಾತು ಒಂಬತ್ತು ಸಲ ಇತ್ತು. ಔಷಧಿಯ ಕಾಗದದಲ್ಲಾಗಿದ್ದರೆ ನಾನೇ ಎಂಟನ್ನು ಹೊಡೆದುಹಾಕುತ್ತಿದ್ದೆ.

ಅಷ್ಟರಲ್ಲಿ ನನ್ನ ಹೆಸರು ಕೂಗಿದರು, ಅವರಿಗೆ ಬಂದ ಹಾಗೆ. ಬಲಗೈ ಎತ್ತಿಸಿ, ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಮೂರು ನಿಮಿಷ ಕೊಟ್ಟರು. ಎದುರಿನ ಗೋಡೆಯ ಮೇಲೆ ಕೆಂಪು ಅಂಕಿಗಳು ಇಳಿಯತೊಡಗಿದವು. ನನ್ನ ಹಿಂದೆ ನಮ್ಮ ಕಟ್ಟಡದವರು ಹದಿನೈದು ಜನ ಕುಳಿತಿದ್ದರು. ಕಾಗದ ತೆಗೆದು ಓದಲು ಶುರುಮಾಡಿದೆ. ಇನ್ನೂ ಮೊದಲ ಪ್ಯಾರಾ ಮುಗಿದಿರಲಿಲ್ಲ, ಬೋರ್ಡಿನ ವಕೀಲರು ಬಹಳ ಮರ್ಯಾದೆಯಿಂದ ತಡೆದು, ನೋಟ ಎನ್ನುವುದು ಕಾನೂನಿನ ಪ್ರಕಾರ ಯಾರ ಹಕ್ಕೂ ಅಲ್ಲ, ಬೋರ್ಡ್ ಅದನ್ನು ಪರಿಗಣಿಸಲು ಬರುವುದಿಲ್ಲ, ದಯವಿಟ್ಟು ಬೇರೆ ವಿಷಯ ಹೇಳಿ ಎಂದರು.

ಬೇರೆ ವಿಷಯ ಇರಲಿಲ್ಲ. ಪುಟ ತಿರುವಿದೆ, ಅಲ್ಲೂ ನದಿ. ಗೋಡೆಯ ಮೇಲೆ ಎರಡು ನಿಮಿಷ ಎಂಟು ಸೆಕೆಂಡು. ಮೈಸೂರು ಸಿಲ್ಕಿನೊಳಗೆ ಅಷ್ಟು ಚಳಿಯಲ್ಲೂ ಬೆವರು. ಸುಮ್ಮನೆ ಥ್ಯಾಂಕ್ಯೂ ಹೇಳಿ ಕುಳಿತುಬಿಡಬಹುದಿತ್ತು. ಆದರೆ ಸತ್ಯ ಹೇಳುತ್ತೇನೆಂದು ಆಗಷ್ಟೇ ಕೈ ಎತ್ತಿದ್ದೆ. ಕಾಗದ ಮಡಚಿದೆ. ನಮ್ಮ ಮೂಲೆಯ ಸಿಗ್ನಲ್ ಮುದುಕರಿಗೆ ಸಾಲುವುದಿಲ್ಲ ಎಂದೆ. ನಾನೂ ಕೈಯಲ್ಲಿ ದಿನಸಿ ಚೀಲ ಹಿಡಿದು ಅಲ್ಲಿ ಓಡಿದ್ದೇನೆ. ನಮ್ಮ ಕಟ್ಟಡ ಬಂದ ಮೇಲೆ ಗಾಡಿಗಳು ಹೆಚ್ಚಾದವು, ಮುಂದಿನದು ಬಂದರೆ ಇನ್ನೂ ಹೆಚ್ಚಾಗುತ್ತವೆ. ರಸ್ತೆ ದಾಟಲಾಗದೆ ಮನೆಯೊಳಗೇ ಉಳಿದಿರುವವರು ನಮ್ಮ ರಸ್ತೆಯಲ್ಲಿ ಇದ್ದಾರೆ. ಕಟ್ಟುವುದಾದರೆ ಮೊದಲು ಅದನ್ನು ಸರಿಮಾಡಿಸಿ ಎಂದೆ. ಇಂಗ್ಲಿಷ್ ಅಲ್ಲಲ್ಲಿ ಎಡವಿತು. ಮುಗಿದಾಗ ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು.

ವಾಪಸ್ ಬಂದು ಕೂರುವಾಗಲೇ ನಾನು ಏನು ಮಾಡಿದೆ ಎಂದು ಹೊಳೆದದ್ದು. ಪಕ್ಕದವರ ಮಾತನ್ನೆಲ್ಲ ನಾನೇ ಆಡಿ ಬಂದಿದ್ದೆ. ಮುಂದಿನ ಸರದಿ ಅವರದೇ. ಮುದುಕರು ನಿಧಾನ ಎದ್ದು ಮೈಕಿನ ಹತ್ತಿರ ಹೋದರು.

"ಈಗ ಮಾತಾಡಿದವರು ನನ್ನ ಭಾಷಣ ಮಾಡಿ ಮುಗಿಸಿದ್ದಾರೆ," ಎಂದರು. "ನನ್ನ ಹತ್ತಿರ ಉಳಿದಿರುವುದು ಅಂಕಿಗಳು ಮಾತ್ರ. ಕೊಡುತ್ತೇನೆ, ಬರೆದುಕೊಳ್ಳಿ."

ಕೋಣೆ ನಕ್ಕಿತು, ಬೋರ್ಡಿನವರೂ ನಕ್ಕರು. ಮುದುಕರು ತಾವು ಎರಡು ವಾರ ಬೆಳಿಗ್ಗೆ ಸಂಜೆ ಮೂಲೆಯಲ್ಲಿ ನಿಂತು ಅಳೆದದ್ದನ್ನು ಒಂದೊಂದಾಗಿ ಓದಿದರು. ಬೋರ್ಡಿನ ಅಧ್ಯಕ್ಷರು ನಿಜವಾಗಿಯೂ ಬರೆದುಕೊಂಡರು.

ಹೊಸ ಕಟ್ಟಡಕ್ಕೆ ಅಂದೇ ಅನುಮತಿ ಸಿಕ್ಕಿತು, ಒಂದು ಮತವೂ ವಿರುದ್ಧ ಬೀಳದೆ. ಜೊತೆಗೊಂದು ಷರತ್ತು ಸೇರಿಸಿದರು: ಕಟ್ಟುವವರು ಆ ಮೂಲೆಯ ಸಿಗ್ನಲ್ಲನ್ನು ಸಿಟಿಯವರು ಹೇಳಿದಂತೆ ಬದಲಾಯಿಸಿಕೊಡಬೇಕು. ಹೊರಗೆ ಬಂದ ಮೇಲೆ ನಮ್ಮ ಕಟ್ಟಡದವರು ಯಾರೂ ನನ್ನ ಜೊತೆ ಮಾತಾಡಲಿಲ್ಲ. ಇಪ್ಪತ್ತೊಂದನೇ ಮಹಡಿಯ ವಕೀಲೆ ಮರುದಿನ ಲಿಫ್ಟಿನಲ್ಲಿ ಸಿಕ್ಕು, ಸಿಗ್ನಲ್ ಬಗ್ಗೆ ನಿಮಗೆ ಅಷ್ಟು ಕಾಳಜಿ ಇದೆಯೆಂದು ಗೊತ್ತಿರಲಿಲ್ಲ ಎಂದಳು. ನನಗೂ ಗೊತ್ತಿರಲಿಲ್ಲ ಎಂದು ಹೇಳುವಷ್ಟರಲ್ಲಿ ನನ್ನ ಮಹಡಿ ಬಂತು. ಕೆಲವು ತಿಂಗಳು ಲಿಫ್ಟಿನ ಪ್ರಯಾಣ ಸ್ವಲ್ಪ ಉದ್ದವೇ ಅನಿಸುತ್ತಿತ್ತು. ಮನೆಯಲ್ಲಿ ಮಗಳು ಮಾತ್ರ, "ಅಮ್ಮ, ದಟ್ ವಾಸ್ ಕೈಂಡ್ ಆಫ್ ಕೂಲ್," ಎಂದಳು. ಸಿಟಿಯವರು ಸಭೆಯನ್ನು ವಿಡಿಯೋ ಮಾಡಿ ಆನ್‌ಲೈನಿನಲ್ಲಿ ಹಾಕುತ್ತಾರೆ. ಅವಳು ಪೂರ್ತಿ ನೋಡಿದ್ದಳು.

ಕಟ್ಟಡ ಏಳತೊಡಗಿತು, ಸಿಗ್ನಲ್ ಹಾಗೇ ಇತ್ತು. ಷರತ್ತು ಯಾವ ಮೇಜಿನ ಮೇಲೆ ಮಲಗಿದೆಯೆಂದು ಹುಡುಕುವ ಕೆಲಸ ನನ್ನ ಮತ್ತು ಆ ಮುದುಕರ ಪಾಲಿಗೆ ಬಂತು. ನಾನು ಇಮೇಲ್ ಬರೆಯುವುದು, ಅವರು ಅಳೆಯುವುದು. ಔಷಧಿಯ ಕಾಗದದ ಹಾಗೆಯೇ ಬರೆದೆ: ತೊಂದರೆ ಏನು, ಯಾರಿಗೆ, ದಿನಕ್ಕೆ ಎಷ್ಟು ಸಲ, ಏನು ಮಾಡಬೇಕು. ಒಂದು ಕಚೇರಿ ಇನ್ನೊಂದರ ಕಡೆ ತೋರಿಸಿತು, ಆ ಇನ್ನೊಂದು, ಈ ರಸ್ತೆ ಸಿಟಿಯದಲ್ಲ, ಕೌಂಟಿಯದು ಅಂದರೆ ಜಿಲ್ಲೆಯದು ಎಂದಿತು. ಮೈಸೂರಿನಲ್ಲಿ ಅಪ್ಪನ ಜೊತೆ ಖಾತೆ ಬದಲಾವಣೆಗೆ ಅಲೆದದ್ದು ನೆನಪಾಗಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಗುಜರಾತಿ ಅಂಕಲ್ ಕೌಂಟರಿನ ಮೇಲೆ ಒಂದು ಹಾಳೆ ಇಟ್ಟು ಗಿರಾಕಿಗಳ ಸಹಿ ಹಾಕಿಸಿದರು. ಅವರಿಗೆ ಕಟ್ಟಡವೂ ಬೇಕು, ದಾಟಿ ಬರುವ ಗಿರಾಕಿಯೂ ಬೇಕು.

ಹತ್ತು ತಿಂಗಳಾದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಮುದುಕರು ಫೋನ್ ಮಾಡಿ, ಕೆಳಗೆ ಬನ್ನಿ ಎಂದಷ್ಟೇ ಹೇಳಿದರು. ವರ್ಕ್ ಫ್ರಮ್ ಹೋಮ್ ದಿನ. ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಓಡಿದೆ. ಮೂಲೆಯಲ್ಲಿ ಅವರ ಹೆಂಡತಿ ವಾಕರ್ ಹಿಡಿದು ನಿಂತಿದ್ದರು, ತುಟಿಗೆ ಬಣ್ಣ ಹಚ್ಚಿಕೊಂಡು. ನಡೆಯುವ ಮನುಷ್ಯನ ಬಿಳಿ ಗುರುತು ಹತ್ತಿತು. ಮುದುಕರು ಸ್ಟಾಪ್‌ವಾಚ್ ಒತ್ತಿದರು. ಆಕೆ ಒಬ್ಬರೇ ಹೊರಟರು. ನಡುವೆ ಒಮ್ಮೆ ವಾಕರಿನ ಚಕ್ರ ರಸ್ತೆಯ ಬಿರುಕಿನಲ್ಲಿ ಸಿಕ್ಕಿತು, ಬಿಡಿಸಿಕೊಂಡರು. ಆಚೆ ಬದಿಯ ಕಟ್ಟೆ ಏರಿದಾಗ ಇನ್ನೂ ಐದು ಸೆಕೆಂಡು ಬಾಕಿ. ಆಕೆ ತಿರುಗಿ, ನಿಂತಿದ್ದ ಕಾರುಗಳನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿ, ಔಷಧಿ ಅಂಗಡಿಯ ಕಡೆ ಹೊರಟರು. ಮುದುಕರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ನಾನು ಆ ಕಡೆ ನೋಡದೆ ನಿಂತೆ.

ನಮ್ಮ ನದಿಯೂ ಹೋಯಿತು. ಒಂದೇ ದಿನ ಹೋಗಲಿಲ್ಲ, ವಾರಕ್ಕೊಂದು ಮಹಡಿಯಂತೆ ಕೆಳಗಿನಿಂದ ಮುಚ್ಚುತ್ತಾ ಬಂತು. ಕೊನೆಯ ದಿನಗಳಲ್ಲಿ ಗಂಡನೇ ಕಿಟಕಿಯ ಹತ್ತಿರ ಹೆಚ್ಚು ನಿಲ್ಲುತ್ತಿದ್ದರು. ನಾನು ನಗಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇವತ್ತಿಗೂ ಚಪಾತಿ ಲಟ್ಟಿಸುವಾಗ ಕತ್ತೆತ್ತಿದರೆ ಎದುರು ಮನೆಯವರ ವ್ಯಾಯಾಮದ ಸೈಕಲ್ ಕಾಣುತ್ತದೆ.

ಈಗ ನಾನು ತಿಂಗಳಿಗೊಮ್ಮೆ ನಮ್ಮ ಬಡಾವಣೆಯ ಸಭೆಗೆ ಹೋಗುತ್ತೇನೆ. ಲೈಬ್ರರಿಯ ನೆಲಮಾಳಿಗೆಯಲ್ಲಿ, ಮಡಚುವ ಕುರ್ಚಿಗಳ ಮೇಲೆ, ಸೀರೆ ಇಲ್ಲದೆ. ಇಲಿಗಳ ಕಾಟ, ಸೈಕಲ್ ದಾರಿ, ನಾಯಿ ಹೇಲು, ಪಾರ್ಕಿನ ಬೀಗ, ಇವೇ ವಿಷಯಗಳು. ಹೋದ ಸಲ ಕಸದ ಡಬ್ಬಿಗೆ ಮುಚ್ಚಳ ಬೇಕೋ ಬೇಡವೋ ಎಂಬುದರ ಮೇಲೆ ಒಂದು ಗಂಟೆ ಚರ್ಚೆಯಾಯಿತು. ಬೇಕು ಎಂದು ನಾನು, ಮುಚ್ಚಳ ಇದ್ದರೆ ಜನ ಕೈ ಕೊಳೆಯಾಗುತ್ತದೆಂದು ಪಕ್ಕದಲ್ಲೇ ಎಸೆದು ಹೋಗುತ್ತಾರೆ ಎಂದು ಬಾರ್ಬರ್. ನಿಮಗೆ ಇಲ್ಲಿಯ ಜನ ಇನ್ನೂ ಗೊತ್ತಿಲ್ಲ ಎಂದ. ಗೊತ್ತಿದೆ ಎಂದೆ. ಸಭೆ ಮುಗಿದು ಬಾಗಿಲು ಹಾಕಿದರೂ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತು ಅದನ್ನೇ ವಾದಿಸುತ್ತಿದ್ದೆವು, ಅವನ ಬಸ್ಸು ಬರುವ ತನಕ.