ಅರ್ಧ ಇಡ್ಲಿಗೆ ಒಂದು ಹಾರ್ಮೋನಿಯಂ

ಕಳೆದ ಮಂಗಳವಾರ ನನ್ನ ಗಂಡನಿಗೆ ಅರ್ಧ ಇಡ್ಲಿ ನುಂಗಲು ಹಾರ್ಮೋನಿಯಂ ಬೇಕಾಯಿತು. ತಮಾಷೆಯಲ್ಲ. ಇಡ್ಲಿಯನ್ನು ನಾನೇ ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಿಂದ ಡಬ್ಬಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದೆ. ಸಾಂಬಾರ್ ಇತ್ತು, ಚಮಚ ಇತ್ತು. ಹಾರ್ಮೋನಿಯಂ ಒಂದು ಬಿಟ್ಟುಹೋಗಿತ್ತು.

ಮೊದಲಿನಿಂದ ಹೇಳುತ್ತೇನೆ.

ಇವರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ರೇಡಿಯೇಶನ್ ಮುಗಿಯಿತು, ಗಡ್ಡೆ ಹೋಯಿತು ಎಂದು ಡಾಕ್ಟರು ಹೇಳಿದರು. ಆದರೆ ಮೂಗಿನಲ್ಲೊಂದು ನಳಿಕೆ ಉಳಿಯಿತು. ಗಂಜಿ, ಹಾಲು, ಬೇಳೆಕಟ್ಟು ಎಲ್ಲ ಸಿರಿಂಜಿನಲ್ಲಿ, ಮೂಗಿನ ದಾರಿಯಾಗಿ. ಶಹಾಡ್ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಇವರು ಮ್ಯಾನೇಜರ್. ಬೆಳಗಿನ ಮೊದಲ ಸಾಂಬಾರನ್ನು ಇವರು ಅಂಗೈಗೆ ಹಾಕಿ ನೆಕ್ಕಿ, ತಲೆಯಾಡಿಸಿದ ಮೇಲೆಯೇ ಅದು ಗಿರಾಕಿಯ ಟೇಬಲ್ಲಿಗೆ. ಅಂಥವರ ಅಕ್ಕ ಊರಿನಿಂದ ಫೋನ್ ಮಾಡಿ "ಒಣಸ್ ಆಂಡಾ?" ಎಂದು ಕೇಳಿದರೆ ನಾನೇನು ಹೇಳಲಿ? (ಊಟ ಆಯಿತು ಅತ್ತಿಗೆ, ಮೂಗಿನಿಂದ.)

ನಳಿಕೆ ತೆಗೆಯಲು ಒಂದೇ ಶರತ್ತು. ಬಾಯಿಯಿಂದ ಸರಿಯಾಗಿ ನುಂಗಬೇಕು. ಅದನ್ನು ಕಲಿಸುವುದಕ್ಕೂ ಒಬ್ಬ ಥೆರಪಿಸ್ಟ್ ಇರುತ್ತಾರೆಂದು ನಿಮಗೆ ಗೊತ್ತಿತ್ತಾ? ಗದ್ದ ಎದೆಗೆ ತಾಗಿಸಿ ನುಂಗಬೇಕು. ಇನ್ನೊಮ್ಮೆ ನುಂಗಬೇಕು. ಕೆಮ್ಮಬೇಕು. ಆಮೇಲೆ "ಆ…" ಎನ್ನಬೇಕು. ದನಿ ಗೊರಗೊರ ಎಂದರೆ ತುತ್ತು ಶ್ವಾಸದ ದಾರಿಯಲ್ಲಿ ಇಣುಕುತ್ತಿದೆ ಎಂದರ್ಥ. ಸ್ವಚ್ಛವಾಗಿದ್ದರೆ ಮುಂದಿನ ಚಮಚ.

ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಊಟದ ಬೆಂಚಿನ ಹಿಂದೆ ಸಿಸ್ಟರ್ ನಿಂತಿರುತ್ತಿದ್ದರು. ಬಾಯಿಯಿಂದ ಸದ್ದು ಬಂದರೆ ಬೆನ್ನಿಗೆ ಸ್ಕೇಲು. ಈಗ ನಾನು ಗಂಡನ ಎದುರು ಕೂತು, "ಇನ್ನೂ ಜೋರಾಗಿ" ಎನ್ನುತ್ತಿದ್ದೇನೆ. ಸಿಸ್ಟರ್ ಎಲ್ಲಿದ್ದರೂ ಕ್ಷಮಿಸಲಿ.

ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಇಪ್ಪತ್ತು "ಆ". ನಮ್ಮ ಬಿಲ್ಡಿಂಗಿನ ಗೋಡೆಗಳೋ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸಿ ನಾನು ನನ್ನ ಗ್ಯಾಸ್ ಆರಿಸಿದ್ದುಂಟು. ಆ ಪಕ್ಕದ ಮನೆಯವರು ಬಿಲ್ಡಿಂಗಿಗೆಲ್ಲ ಕಾಕು, ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಎಷ್ಟೋ ವರ್ಷಗಳಿಂದ ಮನೆಯಲ್ಲೇ ಹಾಡು ಕಲಿಸುವವರು. ಕಾಯಿಲೆಯ ವಿಷಯ ಅವರಿಗೂ ಹೇಳಿರಲಿಲ್ಲ. ಇವರದೇ ಹಟ. "ನಾಲ್ಕು ಜನ ಎಳನೀರು ಹಿಡಿದುಕೊಂಡು ಬಂದು ನನ್ನ ಮುಖ ನೋಡುವುದು ಬೇಡ ಮಾರಾಯ್ತಿ."

ಒಂದು ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಕಾಕು.

"ವಹಿನಿ, ಅಣ್ಣಾನೀ ಗಾಣಂ ಸುರೂ ಕೇಲಂ, ಚಾಂಗಲಂ ಆಹೇ. ಪಣ ಸೂರ್ ಉತರತೋಯ್." (ಹಾಡು ಶುರು ಮಾಡಿದ್ದು ಒಳ್ಳೆಯದೇ, ಶ್ರುತಿ ಇಳಿಯುತ್ತಿದೆಯಲ್ಲ ಎಂದು ದೂರು.)

ನಾನು ಬಾಯಿ ತೆರೆಯುವ ಮೊದಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಕುರ್ಚಿಯಲ್ಲಿ ಇವರು. ಕೊರಳಿಗೆ ನ್ಯಾಪ್ಕಿನ್, ಮೂಗಿಗೆ ಟೇಪು, ಟೇಪಿನಡಿಯಿಂದ ನಳಿಕೆ. ಈಗ "ಅಯ್ಯೋ ದೇವಾ" ಬರುತ್ತದೆ ಎಂದು ನಾನು ಸೆರಗು ಹಿಡಿದು ನಿಂತೆ. ಕಾಕು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನಾಕಾತ್ ನಳೀ. ಮಗ್ ಸೂರ್ ನಾಕಾತೂನಚ್ ಯೇಣಾರ್."

ಮೂಗಿನಲ್ಲಿ ನಳಿಕೆ ಇಟ್ಟರೆ ಸ್ವರ ಮೂಗಿನಿಂದಲೇ ಬರುವುದು. ಅಷ್ಟೇ. ಕಾರಣ ಸಿಕ್ಕ ಸಮಾಧಾನ ಅವರ ಮುಖದಲ್ಲಿತ್ತು. ನಾನು ಎಲ್ಲ ಹೇಳಿದೆ. ಕೇಳಿಸಿಕೊಂಡು, ಇವರಿಗೆ "ಕಾಳೀ ಏಕ್" ಕೊಟ್ಟರು. ಹಾರ್ಮೋನಿಯಂನ ಮೊದಲ ಕಪ್ಪು ಮನೆ. ನಿಮ್ಮ "ಆ" ಅಲ್ಲಿಂದಲೇ ಏಳಬೇಕು ಎಂದು ಕಟ್ಟಪ್ಪಣೆ.

ಅಂದಿನಿಂದ ನಮ್ಮ ಊಟಕ್ಕೆ ಗೋಡೆಯಾಚೆಯಿಂದ ಶ್ರುತಿ. ಚಮಚ, ಗದ್ದ, ನುಂಗು, ನುಂಗು, ಕೆಮ್ಮು, "ಆ…". ಸರಿ ಬರದಿದ್ದರೆ ಗೋಡೆಗೆ ಎರಡು ಕುಟ್ಟು. ನನ್ನ ಕಿವಿಗೆ ಗೊತ್ತಾಗದ ಗೊರಗೊರ ಅವರಿಗೆ ಇಟ್ಟಿಗೆ ದಾಟಿ ಗೊತ್ತಾಗುತ್ತಿತ್ತು. "ಪಾಣೀ ಆಹೇ, ಪರತ್," ಎಂದು ಆ ಕಡೆಯಿಂದ ಕೂಗು. ನೀರಿದೆ, ಮತ್ತೊಮ್ಮೆ.

ಹೀಗೆ ಮಂಗಳವಾರ ಬಂತು. ಖಾರಘರದ ಆಸ್ಪತ್ರೆಯಲ್ಲಿ ಪರೀಕ್ಷೆ. ಸಾಂಬಾರಿನಲ್ಲಿ ನೆನೆದ ಅರ್ಧ ಇಡ್ಲಿ ಮುಗಿಸಿದರೆ ನಳಿಕೆ ತೆಗೆಯುತ್ತಾರೆ. ಇವರು ಶೇವ್ ಮಾಡಿಕೊಂಡು, ಹೋಟೆಲಿಗೆ ಹಾಕುವ ಬಿಳಿ ಶರ್ಟು ಹಾಕಿ ಬಂದಿದ್ದರು.

ಮೊದಲ ಚಮಚ ಇಳಿಯಿತು. "ಆ" ನಡುಗಿತು. ಎರಡನೆಯದು ಒಡೆಯಿತು.

"ಆವಾಜ್ ಗೀಲೀ ಲಗ್ ರಹೀ ಹೈ, ಅಂಕಲ್," ಎಂದಳು ಥೆರಪಿಸ್ಟ್ ಹುಡುಗಿ. ಒದ್ದೆ ದನಿ. ನಳಿಕೆ ಇನ್ನೊಂದು ತಿಂಗಳು ಇರಲಿ ಎಂದು ಪೆನ್ನು ತೆಗೆದಳು.

ಇವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಶ್ರುತಿ ಇಲ್ಲವಲ್ಲ ಮಾರಾಯ್ತಿ. ಎಲ್ಲಿಂದ ಹಿಡಿಯುವುದು?"

ಫೋನ್ ಹಚ್ಚಿದೆ. ಶ್ರುತಿ ಬೇಕಿತ್ತು ಕಾಕು, ಎಂದೆ. "ಥಾಂಬಾ," ಎಂದರು. ತಡೆಯಿರಿ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ತಿದಿಯ ಉಸಿರು, ಆಮೇಲೆ ಕಾಳೀ ಏಕ್. ಫೋನನ್ನು ಸ್ಪೀಕರಿಗೆ ಹಾಕಿ ಇಡ್ಲಿಯ ಪಕ್ಕ ಇಟ್ಟೆ.

ಚಮಚ. ಗದ್ದ. ನುಂಗು. ನುಂಗು. ಕೆಮ್ಮು.

"ಆ…"

ಅಷ್ಟು ಶುದ್ಧ, ಅಷ್ಟು ಉದ್ದ. ಪೆನ್ನು ನಿಂತಿತು. "ಏಕ್ ಔರ್," ಎಂದಳು ಹುಡುಗಿ. ಇಡ್ಲಿ ಮುಗಿಯುವವರೆಗೆ ಹನ್ನೊಂದು "ಆ" ಆದವು. ಬಾಗಿಲಲ್ಲಿ ಮುಂದಿನ ಪೇಶಂಟುಗಳ ಗುಂಪು. ನಳಿಕೆ ಎಳೆದದ್ದು ಮೂಗುತಿ ತೆಗೆಯುವುದಕ್ಕಿಂತ ಬೇಗ.

"ರುಚಿ?" ಎಂದು ಕೇಳಿದೆ.

"ಪುಟ್ಟಿ ಹಚ್ಚಿದ ಗೋಡೆ ನೆಕ್ಕಿದ ಹಾಗೆ. ಇನ್ನರ್ಧ ಇದೆಯಾ?"

ಹೊರಗೆ ಒಬ್ಬ ಹೆಂಗಸು ನನ್ನ ತೋಳು ಹಿಡಿದಳು. ಕಲಬುರಗಿ ಕಡೆಯವಳು. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುವವನಂತೆ. ಅವನ ಮೂಗಿನಲ್ಲೂ ನಳಿಕೆ.

"ಅಕ್ಕಾರ, ನಮ್ಮವ ಇಡ್ಲಿ ಮುಟ್ಟಂಗಿಲ್ರಿ. ಅವಂಗ ರೊಟ್ಟೀನೇ ಬೇಕು. ರೊಟ್ಟಿಗಿ ಯಾವ ಸ್ವರ ಹಿಡೀಬೇಕ್ರಿ?"

ಫೋನ್ ಇನ್ನೂ ಚಾಲೂ ಇತ್ತು. ಕಾಕುಗೆ ಮರಾಠಿಯಲ್ಲಿ ವಿಷಯ ತಿಳಿಸಿದೆ. ಅವರು ಗಂಭೀರವಾಗಿ ಕೇಳಿದರು:

"ಜೋಳದ್ದೋ, ಸಜ್ಜೆಯದ್ದೋ?"