ಡ್ರೂಯಿಡ್ ಕೆಟ್ಟವನಾದ ವಾರ

ಕಿತ್ತೂರಿನಲ್ಲಿ ಹೆದ್ದಾರಿ ಪಕ್ಕದ ಟೈರ್ ಅಂಗಡಿಯ ಅಟ್ಟದ ಮೇಲೆ ನಾವು ನಾಲ್ವರು ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಆಡುವುದು ಕಥೆಯ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಅದರ ಬಾಯಿಂದ ಮಾತಾಡುತ್ತಾರೆ, ಗೆದ್ದರೋ ಸೋತರೋ ಎಂದು ದಾಳ ಹೇಳುತ್ತದೆ. ನಡೆಸುವವರು ಅಂಗಡಿಯ ಮಾಲೀಕರು. ನಮಗೆಲ್ಲ ಅವರು ಭಾಯಿ.

ಈ ಮಳೆಗಾಲದಲ್ಲಿ ಭಾಯಿ ನನಗೆ ಖಳನ ಪಾತ್ರ ಕೊಟ್ಟರು. ಡ್ರೂಯಿಡ್, ಅಂದರೆ ಗಿಡಮರಗಳೇ ಮಾತು ಕೇಳುವಂಥ ಕಾಡಿನ ಪೂಜಾರಿ, ಆದರೆ ಕೆಟ್ಟವನು. ನಾನು ಅವನಿಗೆ ತಲೆಬುರುಡೆಯ ಸರ, ಹಾವು ಸುತ್ತಿದ ಕೋಲು, ಕೆಂಪು ಕಣ್ಣು ಎಲ್ಲ ಕೊಟ್ಟೆ.

“ಇಂವಾ ಕೆಟ್ಟಂವಾ ಅಲ್ರಿ ಟೀಚರ್, ವೇಷಾ ಹಾಕ್ಕೊಂಡಾನ,” ಅಂದರು ಭಾಯಿ. “ಯಾಕ ಹಿಂಗಾದ, ಅದನ್ನ ತಗೊಂಡ ಬರ್ರಿ.”

ಆ ವಾರ ಕೂತಲ್ಲಿ ಕೂರಲಾಗಲಿಲ್ಲ. ಬೈಲಹೊಂಗಲದ ನನ್ನ ಶಾಲೆಗೆ ಹೋಗುವ ಬಸ್ಸಿನಲ್ಲಿ ಅವನಿಗೊಂದು ಹಳೆಯ ಸೇಡು ಹೊಂದಿಸುತ್ತಿದ್ದೆ. ಇಳಿಯುವಷ್ಟರಲ್ಲಿ ಅದು ಸುಳ್ಳೆನಿಸುತ್ತಿತ್ತು. ಪಾಠದ ನಡುವೆ ಹಲಗೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತುಬಿಡುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲೂ ಮನಸ್ಸಾಗದೆ ಮುರಗೋಡದ ಬಸ್ ಹತ್ತಿದೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳೆ.

ಅವಳ ಹಿತ್ತಲಲ್ಲೊಂದು ದೊಡ್ಡ ಬೇವಿನ ಮರ. ಅದರ ಬೇರು ಪಕ್ಕದ ಮನೆಯ ಗೋಡೆಯನ್ನು ಸೀಳಿತ್ತು. ನಾನು ಹೋದಾಗ ಆ ಮನೆಯ ಹಿರಿಯರು ಬಂದು ನಿಂತಿದ್ದರು.

“ಒಂದ ಬೇರ ಕಡಿಯಾಕ ಬಿಡ್ರಿ ಅಕ್ಕಾರ. ಆ ಖೋಲ್ಯಾಗ ನಮ್ಮ ಸೊಸಿ ಮಲಗತಾಳ, ತುಂಬಿದ ಬಸುರಿ.”

“ಗ್ವಾಡಿ ಇನ್ನೊಂದ ಕಟ್ಟಬಹುದರಿ. ಗಿಡಾ ಕಟ್ಟಾಕ ಬರತೈತೇನು?”

“ಗ್ವಾಡಿ ಬಿದ್ದರ?”

“ಬೀಳಲಿ,” ಅಂದಳು ಅತ್ತೆ. ದನಿ ಏರಿಸಲಿಲ್ಲ. ಹಸುವಿನ ಮೈ ಸವರುವಂತೆ ಮರದ ಬೊಡ್ಡೆ ಸವರುತ್ತಿದ್ದಳು. ಅವರು ಗೋಡೆಯ ಬಿರುಕನ್ನೊಮ್ಮೆ ನೋಡಿ ಹೊರಟುಹೋದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಅಟ್ಟದ ಆಟದಲ್ಲಿ ನನ್ನ ಪೂಜಾರಿಗೆ ಬುರುಡೆಯ ಸರ ಇರಲಿಲ್ಲ. ಬರಿಗಾಲಿನ, ಮೆಲುಮಾತಿನ ಮನುಷ್ಯ. ಕಾಡಂಚಿನ ಊರಿನ ಕೆಳಗೆ ಅವನು ಬೇರು ಬೆಳೆಸುತ್ತಿದ್ದ. ಊರ ಗೌಡನಾಗಿ ಆಡುತ್ತಿದ್ದ ಗೆಳತಿ ಕೈಮುಗಿದಳು: “ಮನ್ಯಾಗ ಕೂಸುಗೋಳು ಅದಾವ್ರಿ.” ನನ್ನ ಬಾಯಿಂದ “ಬೀಳಲಿ” ಎಂದು ಬಂತು. ಯೋಚಿಸಬೇಕಾಗಲೇ ಇಲ್ಲ. ಅವನು ಸೋಲಲಿ ಎಂದುಕೊಂಡೇ ದಾಳ ಎಸೆದೆ. ದಾಳ ಅವನ ಪರವಾಗಿಯೇ ಬಿತ್ತು. ಊರು ಕುಸಿಯಿತು.

“ಈಗ ಬಂದ ನೋಡ್ರಿ,” ಅಂದರು ಭಾಯಿ, ಖುಷಿಯಿಂದ. ನಾನು ಮಾತ್ರ ದಾಳ ಅವರ ಕಡೆ ಸರಿಸಿ ಎದ್ದೆ.

ಸೋಮವಾರ ತಡೆಯಲಾರದೆ ಅತ್ತೆಗೆ ಫೋನ್ ಮಾಡಿದೆ.

“ಬೇರ ಕಡಿಸಿದೇನ ಅತ್ತಿ?”

“ಇಲ್ಲವಾ. ಆ ಸೊಸೀನ್ನ ನಮ್ಮ ಪಡಸಾಲ್ಯಾಗ ಮಲಗಾಕ ಕರಕೊಂಡ ಬಂದೇನಿ. ಹಡಿಯೂತನಕಾ ಇಲ್ಲೇ ಇರಲಿ.”

ಶಾಲೆಯ ಗಂಟೆ ಹೊಡೆಯಿತು. ನಾನು ಫೋನ್ ಹಿಡಿದುಕೊಂಡೇ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ಅತ್ತ ಕಡೆ ಅತ್ತೆ ಯಾರಿಗೋ, “ತಣ್ಣೀರು ಕುಡೀಬ್ಯಾಡ, ಕಾಸಿ ಕೊಡ್ತೇನಿ ತಡಿ,” ಅನ್ನುತ್ತಿದ್ದಳು.