ಒಂಬತ್ತರ ಕಾಟ

ಚಿಕ್ಕಮಗಳೂರಿನಲ್ಲಿ ಫೋನು, ಕಂಪ್ಯೂಟರ್ ಏನೇ ಕೆಟ್ಟರೂ ಪಾಲಾಕ್ಷನಿಗಿಂತ ಬಲ್ಲವರಿಲ್ಲ ಎಂಬ ಮಾತಿತ್ತು. ಹಾಗಂತ ಹೇಳಿಕೊಂಡು ತಿರುಗುತ್ತಿದ್ದವನೂ ಪಾಲಾಕ್ಷನೇ.

೨೦೦೮ರಲ್ಲಿ ಅವನು ಗಿರಿಜಾಂಬಾ ಅವರ ಕಾಫಿ ಮಂಡಿಗೆ ನೆಟ್‌ವರ್ಕ್ ಫೋನು ಹಾಕಿಕೊಟ್ಟ. ಅಂಥ ಫೋನಿಗೂ ಕಂಪ್ಯೂಟರಿಗೂ ಒಂದೊಂದು ಐಪಿ ನಂಬರ್ ಬೇಕು. ಒಂದೇ ನಂಬರ್ ಎರಡಕ್ಕೆ ಹೋದರೆ ಯಾವುದೋ ಒಂದು ಮೂಕವಾಗುತ್ತದೆ. ಒಂಬತ್ತು ಅದೃಷ್ಟವೆಂದು ಜೀಪಿನ ನಂಬರನ್ನೂ ಕೂಡಿದರೆ ಒಂಬತ್ತು ಬರುವಂತೆ ನೋಡಿ ತೆಗೆದುಕೊಂಡವರು ಗಿರಿಜಾಂಬಾ. ಅದಕ್ಕೇ ಪಾಲಾಕ್ಷ ಅವರ ಮೇಜಿನ ಫೋನಿಗೆ ಒಂಬತ್ತರಲ್ಲಿ ಮುಗಿಯುವ ನಂಬರ್ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡ.

ಒಂದು ದಿನ ಆ ಫೋನಿನ ವೈರು ಸಡಿಲಾಯಿತು. ಬಂದು ಬಿಗಿ ಮಾಡಿ, ಪರೀಕ್ಷಿಸಲು ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ. ಫೋನು ಸತ್ತಿತು. ಬೈದುಕೊಂಡು ಲ್ಯಾಪ್‌ಟಾಪ್ ಕಿತ್ತು ಮನೆಗೆ ಹೋದರೆ ಫೋನು ಬದುಕಿತು. ಕಾರಣ ಹುಡುಕಲು ಮತ್ತೆ ಬಂದು ಲ್ಯಾಪ್‌ಟಾಪ್ ಸಿಕ್ಕಿಸಿದ, ಫೋನು ಮತ್ತೆ ಸತ್ತಿತು. ವೈರು ಬದಲಿಸಿದ, ಇಲಿಗೆ ಬೈದ, ಸಿಡಿಲಿಗೆ ಬೈದ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಏನೋ ಎಚ್ಚರಿಕೆ ಬರುತ್ತಿತ್ತು. ಅದನ್ನು ಓದದೆ ಸೊಳ್ಳೆ ಹೊಡೆದಂತೆ ಮುಚ್ಚುತ್ತಿದ್ದ. ಓದುವುದೆಲ್ಲ ಕಲಿಯುವವರಿಗೆ ತಾನೆ!

ಬೈಯಲು ಯಾರೂ ಉಳಿಯದಿದ್ದಾಗ ಕೊನೆಗೆ ಓದಿದ: 'ಈ ನಂಬರ್ ಬೇರೆ ಕಡೆ ಬಳಕೆಯಲ್ಲಿದೆ.' ಲ್ಯಾಪ್‌ಟಾಪಿಗೆ ಪೂಜೆ ಮಾಡಿಸಿದ ದಿನವೇ ಇದೇ ಒಂಬತ್ತರ ನಂಬರನ್ನು ಅವನೇ ಕೈಯಾರೆ ಅದಕ್ಕೆ ಹಾಕಿದ್ದ. ಅವನ ಅದೃಷ್ಟಸಂಖ್ಯೆಯೂ ಒಂಬತ್ತೇ.

ಸದ್ದಿಲ್ಲದೆ ಲ್ಯಾಪ್‌ಟಾಪ್ ಕಿತ್ತ. ಫೋನು ರಿಂಗಾಯಿತು.

"ಏನಾಗಿತ್ತು ಮಾರಾಯ?" ಎಂದರು ಗಿರಿಜಾಂಬಾ.

"ಯಾವುದೋ ದಂಡಪಿಂಡ ನಡುವೆ ಬಂದು ಕೂತಿತ್ತು, ಅಮ್ಮ."

"ಇನ್ನು ಅದನ್ನ ಒಳಗೆ ಬಿಟ್ಕೋಬೇಡ."

"ಇಲ್ಲ ಅಮ್ಮ," ಎಂದು ಪಾಲಾಕ್ಷ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.